ಇಳಿದವನ ಇಷ್ಟ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಶೌಚದ ಗುಂಡಿ ಕಟ್ಟಿಕೊಂಡು ಬೇಸ್‌ಮೆಂಟಿಗೆಲ್ಲ ಹರಿಯಿತು. ಮೂರನೇ ಮಹಡಿಯಲ್ಲಿ ಸತ್ಯನಾರಾಯಣ ಪೂಜೆ. ಸಕ್ಕಿಂಗ್ ಲಾರಿಯವನು ಸೋಮವಾರ ಬರ್ತೀನಿ ಅಂದ. ದೇವರು ಸೋಮವಾರದವರೆಗೆ ಕಾದಾನು, ನೆಂಟರು ಕಾಯುತ್ತಾರೆಯೇ? ಕಾರ್ಯದರ್ಶಿಗಳು ಎಲ್ಲಿಂದಲೋ ಒಬ್ಬನನ್ನು ಹಿಡಿದು ತಂದರು. 2,500 ಕೇಳಿದ. ಚೌಕಾಸಿ ಮಾಡಿ 1,500 ಮಾಡಿದೆವು. ಮೊದಲು ರೇಟು ಇಳಿಯಿತು, ಆಮೇಲೆ ಇಳಿಯುವ ಸರದಿ ಅವನದು.

"ಹೀಗೆ ಇಳಿಸೋದು ಅಪರಾಧ ಅಲ್ವಾ ಸಾರ್?" ಎಂದು ಎರಡನೇ ಮಹಡಿಯ ಮೇಡಂ ಕೇಳಿಬಿಟ್ಟರು. ಪ್ರತಿ ಸಭೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. 1993ರಲ್ಲಿ ಒಂದು ಕಾಯ್ದೆ ಬಂತು, ಅದು ಸಾಲದೆಂದು 2013ರಲ್ಲಿ ಇನ್ನೊಂದು. ರಕ್ಷಣಾ ಸಾಧನವಿಲ್ಲದೆ ಗುಂಡಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆದರೂ ಆಯಿತು.

ಕಾರ್ಯದರ್ಶಿಗಳು ಜಗ್ಗಲಿಲ್ಲ. "ನಾವೇನು ತಳ್ಳಿದೆವಾ? ಅವನೇ ಇಷ್ಟಪಟ್ಟು ಇಳೀತಿದಾನೆ." ಒಂದು ಹಾಳೆಯಲ್ಲಿ 'ನನ್ನ ಸ್ವಂತ ಇಚ್ಛೆಯಿಂದ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಓದಿ ಹೇಳುವ ಗೋಜಿಗೆ ಹೋಗಲಿಲ್ಲ. ಇಚ್ಛೆ ಅವನದು, ಅವನಿಗೆ ಗೊತ್ತಿರುತ್ತದೆ.

ಈ ಸ್ವಂತ ಇಚ್ಛೆ ಎಂಬುದು ಹುಟ್ಟಿದ ಕೇರಿ ನೋಡಿಕೊಂಡು ಬರುತ್ತದೆ. ನನ್ನ ಮಗ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಹೋದ, ಬೇಜಾರಾಗಿ ಈಗ ಫೋಟೊಗ್ರಫಿ ಅನ್ನುತ್ತಿದ್ದಾನೆ. ಗುಂಡಿಗಿಳಿಯಲು ಬಂದ ಇವನ ಅಪ್ಪನಿಗೂ ಗುಂಡಿಯೇ ಇಷ್ಟವಿತ್ತಂತೆ, ತಾತನಿಗೂ. ಮನೆತನದ ಅಭಿರುಚಿ! 2010ರಲ್ಲಿ ಸವಣೂರಿನಲ್ಲಿ, ನಮ್ಮನ್ನು ಇರುವ ಜಾಗದಿಂದ ಎಬ್ಬಿಸಬೇಡಿ ಎಂದು ಮಲ ಬಳಿಯುವ ಕುಟುಂಬಗಳವರು ಪುರಸಭೆಯ ಮುಂದೆ ಅದನ್ನೇ ಮೈಮೇಲೆ ಸುರಿದುಕೊಂಡರು. ಅದೂ ಅವರಿಷ್ಟ ಅಂದಾರು ನಮ್ಮ ಕಾರ್ಯದರ್ಶಿಗಳು.

ಇಷ್ಟ ಇನ್ನಷ್ಟು ಗಟ್ಟಿಯಾಗಲೆಂದು ಇಳಿಯುವ ಮೊದಲು ಒಂದು ಕ್ವಾರ್ಟರ್ ಕೊಡಿಸುವ ರೂಢಿಯಿದೆ. ನಾವೂ ಕೊಡಿಸಿದೆವು, 1,500ರಲ್ಲೇ ಹಿಡಿದುಕೊಂಡು. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗನ್ನೇ ಕೊಂದು ವಾಸನೆ ತಿಳಿಯದಂತೆ ಮಾಡುತ್ತದೆ, ಆಮೇಲೆ ಮನುಷ್ಯನನ್ನು. ಮೂಗು ಸಾಯುವ ಮಟ್ಟಿಗೆ ಅದರ ಪ್ರಭಾವ ನಮ್ಮ ಐದನೇ ಮಹಡಿಯವರೆಗೂ ಇದೆ.

ಬೆಲೆಯ ಮಾತು ಬಂದಾಗ ಮಾತ್ರ ಖಜಾಂಚಿಗಳು ಬೆವರಿದರು. ಹೀಗೆ ಸತ್ತವನ ಮನೆಯವರಿಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು, 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಸತ್ತರೆ 30 ಲಕ್ಷ, ಬದುಕಿ ಬಂದರೆ ಕ್ವಾರ್ಟರ್ ಕಳೆದು 1,350. ಅವನು ಕ್ಷೇಮವಾಗಿ ಮೇಲೆ ಬರಲೆಂದು ಅವತ್ತು ಮನಸಾರೆ ಬೇಡಿಕೊಂಡವರು ಖಜಾಂಚಿಗಳೊಬ್ಬರೇ.

ಬಂದ. ಕಣ್ಣೆರಡು ಬಿಟ್ಟು ಉಳಿದದ್ದೇನೂ ಕಾಣುತ್ತಿರಲಿಲ್ಲ. ತೊಳೆದುಕೊಳ್ಳಲು ನಲ್ಲಿ ಕೇಳಿದ. ಅದು ಡ್ರೈವರುಗಳದ್ದು ಅಂದು ವಾಚ್‌ಮನ್ ಗಿಡಕ್ಕೆ ಬಿಡುವ ಪೈಪನ್ನು ದೂರದಿಂದ ಹಿಡಿದ. ಅಷ್ಟರಲ್ಲಿ ಮೇಲೆ ಮಂಗಳಾರತಿ ಮುಗಿದು ಸಜ್ಜಿಗೆ ಪ್ರಸಾದ ಇಳಿದು ಬಂತು. ಕಾರ್ಯದರ್ಶಿಗಳು ದೊನ್ನೆಯನ್ನು ಕಾಂಪೌಂಡಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ಅಂದರು:

"ಬಲವಂತ ಏನಿಲ್ಲಪ್ಪ, ಇಷ್ಟ ಇದ್ರೆ ತಗೊ."