ಸಮನ್ಸ್ ಜಾರಿ ಮೀಮಾಂಸೆ

ನ್ಯಾಯಾಲಯದ ಕನ್ನಡದಲ್ಲಿ ‘ಸಮನ್ಸ್ ಜಾರಿ’ಯಷ್ಟು ಸವೆದ ನುಡಿ ಇನ್ನೊಂದಿಲ್ಲ; ಅಷ್ಟೇ ಅಪಾರ್ಥಕ್ಕೆ ಒಳಗಾದದ್ದೂ ಇನ್ನೊಂದಿಲ್ಲ. ಇಲ್ಲಿಯ ‘ಜಾರಿ’ ಅರಬ್ಬಿ ಮೂಲದ್ದು, ಫಾರಸಿ ಉರ್ದುಗಳ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು, ಅದರ ಮೂಲಾರ್ಥ ‘ಹರಿಯುವ’, ‘ನಡೆಯುತ್ತಿರುವ’ ಎಂದು ಬಲ್ಲವರೆಲ್ಲ ಒಪ್ಪಿಬಿಟ್ಟಿದ್ದಾರೆ. ಎಲ್ಲರೂ ಒಪ್ಪಿದ್ದನ್ನು ಒಪ್ಪದಿರುವುದೇ ಸಂಶೋಧನೆಯ ಮೊದಲ ಲಕ್ಷಣವಾದ್ದರಿಂದ ನಮ್ಮ ಸಿದ್ಧಾಂತ ಬೇರೆ. ಈ ‘ಜಾರಿ’ ಅಚ್ಚಗನ್ನಡದ ‘ಜಾರು’ ಧಾತುವಿನ ಭೂತನ್ಯೂನ ರೂಪ. ಓಡಿ, ಕೂಡಿ, ಹಾಡಿ ಎಂಬಂತೆ ಜಾರಿ. ಭೂತನ್ಯೂನದ ಸ್ವಭಾವ ಶಾಲೆಯ ಮಕ್ಕಳಿಗೂ ಗೊತ್ತು: ಅದಕ್ಕೆ ತನ್ನಷ್ಟಕ್ಕೆ ತಾನೇ ಮುಗಿಯಲು ಬರುವುದಿಲ್ಲ, ಮುಂದೊಂದು ಪೂರ್ಣ ಕ್ರಿಯಾಪದ ಬೇಕು. ಸಮನ್ಸ್ ಜಾರಿ... ಮುಂದೇನಾಯಿತು? ಈ ಪ್ರಶ್ನೆಗೆ ಉತ್ತರ ಸಿಗುವುದು ಮುಂದಿನ ತಾರೀಖಿಗೆ. ದಾವೆಗಳು ಏಕೆ ಮುಗಿಯುವುದಿಲ್ಲ ಎಂದು ಸಮಿತಿ ಮೇಲೆ ಸಮಿತಿ ನೇಮಿಸುವವರು ಮೊದಲು ವ್ಯಾಕರಣ ಓದಬೇಕಿತ್ತು.

ಪ್ರಮಾಣಗಳಲ್ಲಿ ಶ್ರೇಷ್ಠವಾದದ್ದು ಕಾನೂನಿನ ಪಠ್ಯವೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಐದನೆಯ ಆದೇಶವನ್ನು ಪೂರ್ವಗ್ರಹವಿಲ್ಲದೆ ಓದಿದರೆ ಅದು ಒಂದು ಜಾರುಬಂಡೆಯ ನಕ್ಷೆ ಎಂಬುದು ಹೊಳೆಯುತ್ತದೆ. ಹನ್ನೆರಡನೆಯ ನಿಯಮದಂತೆ ಸಮನ್ಸನ್ನು ಸಾಧ್ಯವಿದ್ದಲ್ಲೆಲ್ಲ ಪ್ರತಿವಾದಿಯ ಕೈಗೇ ಕೊಡಬೇಕು. ಅವನು ಮನೆಯಲ್ಲಿಲ್ಲ, ಬೇಗ ಸಿಗುವಂತೆಯೂ ಇಲ್ಲ ಎಂದಾದರೆ ಹದಿನೈದನೆಯ ನಿಯಮ ಅದನ್ನು ಜೊತೆಯಲ್ಲಿ ವಾಸಿಸುವ ವಯಸ್ಕ ಬಂಧುವಿನ ಕೈಗೆ ಇಳಿಸುತ್ತದೆ. ಆಳು ಮನೆಯವನಲ್ಲ ಎಂಬ ವಿವರಣೆಯೂ ಅಲ್ಲೇ ಉಂಟು. ಕಂಡುಬಾರದಿದ್ದರೆ, ಅಥವಾ ಕಂಡೂ ಸಹಿ ಹಾಕದಿದ್ದರೆ, ಹದಿನೇಳನೆಯ ನಿಯಮ ಅದನ್ನು ಮನೆಯ ಹೊರಬಾಗಿಲಿಗೆ ಅಂಟಿಸುತ್ತದೆ. ಬೇಕೆಂದೇ ತಲೆ ಮರೆಸಿಕೊಂಡಿದ್ದಾನೆ ಎಂದು ಕೋರ್ಟಿಗೆ ಮನವರಿಕೆಯಾದರೆ ಇಪ್ಪತ್ತನೆಯ ನಿಯಮ ಅದನ್ನು ಕೋರ್ಟಿನ ಗೋಡೆಗೋ ದಿನಪತ್ರಿಕೆಯ ಮೂಲೆಗೋ ತಳ್ಳುತ್ತದೆ. ಕೈಯಿಂದ ಕೈಗೆ, ಕೈಯಿಂದ ಕದಕ್ಕೆ, ಕದದಿಂದ ಕಾಗದಕ್ಕೆ. ಪ್ರತಿಯೊಂದು ನಿಯಮವೂ ಹಿಂದಿನ ಮೆಟ್ಟಿಲಿನಲ್ಲಿ ಜಾರಿದ್ದನ್ನು ಹಿಡಿಯಲು ಹುಟ್ಟಿದೆ. ಜಾರುವುದಿಲ್ಲ ಎಂಬ ನಂಬಿಕೆ ಇದ್ದವರು ಇಷ್ಟು ಮೆಟ್ಟಿಲು ಕಟ್ಟುತ್ತಿರಲಿಲ್ಲ.

ಈ ಸಿದ್ಧಾಂತವನ್ನು ಒರೆಗೆ ಹಚ್ಚಲು 1997ರಲ್ಲಿ ಹಳೆಯ ಬಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯಂಥ ನೆಲ ಇನ್ನೊಂದಿಲ್ಲ. ಮೊದಲು ಬಾದಾಮಿ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ನಾಟಕ ಕಂಪನಿಗಳ ತಂಬು ವಾರಗಟ್ಟಲೆ ಏಳುವುದಿಲ್ಲ. ಆ ಕಾಲದಲ್ಲಿ ಬೇಲಿಫನಿಗೆ ಸುತ್ತಲಿನ ಯಾವ ಹೊಸ್ತಿಲಿನಲ್ಲೂ ಸಿಗಬಹುದಾದ ಉತ್ತರ ಒಂದೇ: ‘ಜಾತ್ರಿಗೆ ಹೋಗ್ಯಾರ್ರೀ ಸಾಹೇಬ್ರ, ಯಾವಾಗ ಬರ್ತಾರೋ ಏನೋ.’ ಹುನಗುಂದದ ಪ್ರಮಾಣ ಇನ್ನೂ ಹಳೆಯದು. ಆ ತಾಲೂಕಿನ ಐಹೊಳೆಯಲ್ಲಿ ರವಿಕೀರ್ತಿ ತನ್ನ ಶಾಸನವನ್ನು ಮೇಗುಟಿ ಬಸದಿಯ ಹೊರಗೋಡೆಯಲ್ಲಿ, ಎದ್ದು ಕಾಣುವ ಜಾಗದಲ್ಲಿ, ಕ್ರಿ.ಶ. 634ರಲ್ಲಿ ಹಚ್ಚಿದ. ಹದಿನೇಳನೆಯ ನಿಯಮವನ್ನು ಅದು ಹುಟ್ಟುವ 1274 ವರ್ಷ ಮೊದಲೇ ಪಾಲಿಸಿದ ಕೀರ್ತಿ ಅವನದು. ಆದರೆ ಅದರಲ್ಲಿ ಪುಲಕೇಶಿಗೆ ಸೋತನೆಂದು ಹೆಸರಿಸಲಾದ ಹರ್ಷವರ್ಧನನಿಗೆ ಒಂದು ಪ್ರತಿ ಮುಟ್ಟಿದ್ದಕ್ಕೆ ಸಹಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ. ಹಾಗಾಗಿ ಆ ಸೋಲನ್ನು ಏಕಪಕ್ಷೀಯ ಡಿಕ್ರಿ ಎಂದೇ ಇತಿಹಾಸಕಾರರು ಪರಿಗಣಿಸಬೇಕಾಗುತ್ತದೆ. ಬಾಗಲಕೋಟೆಯಲ್ಲಂತೂ ಹೊರಬಾಗಿಲೇ ಜಾರಿದೆ. ಆಲಮಟ್ಟಿಯ ಹಿನ್ನೀರಿಗೆ ಓಣಿಗಟ್ಟಲೆ ಮನೆ ಬಿಟ್ಟುಕೊಟ್ಟು ಜನ ನವನಗರಕ್ಕೆ ಹೋದರು. ವಿಳಾಸ ಮಾತ್ರ ಹಳೆಯ ಕಾಗದಗಳಲ್ಲಿ ಉಳಿಯಿತು. ಆ ಕದಕ್ಕೆ ಪ್ರತಿ ಅಂಟಿಸಬೇಕಾದವನಿಗೆ ತೆಪ್ಪ ಬೇಕೋ ಗೋಂದು ಬೇಕೋ ಎಂಬುದನ್ನು ನಿಯಮ ಹೇಳುವುದಿಲ್ಲ. ಅರಬ್ಬಿ ಪಕ್ಷದವರು ‘ಹರಿಯುವುದು’ ಎಂಬ ತಮ್ಮ ಅರ್ಥಕ್ಕೆ ಈ ಹಿನ್ನೀರನ್ನು ಸಾಕ್ಷಿಗೆ ಕರೆಯಬಹುದು. ಕರೆಯಲಿ, ಅದು ಅಣೆಕಟ್ಟಿನ ಹಿಂದೆ ನಿಂತ ನೀರು.

ಈಗ ಆಕ್ಷೇಪಗಳು. ಹಳಗನ್ನಡದಲ್ಲಿ ಆ ಧಾತು ‘ಜಾಱು’ ಎಂದು ಶಕಟರೇಫದಿಂದ ಇತ್ತು, ಕಚೇರಿಯ ‘ಜಾರಿ’ಯಲ್ಲಿ ಅದಿಲ್ಲ ಎನ್ನುತ್ತಾರೆ ವೈಯಾಕರಣರು. ಇದು ನಮಗೆ ಬಾಧಕವಲ್ಲ, ಸಾಧಕ. ಜಾರುವುದನ್ನು ಹೇಳುವ ಪದದೊಳಗಿಂದ ಅಕ್ಷರವೇ ಜಾರಿಹೋದದ್ದಕ್ಕಿಂತ ಬೇರೆ ಪುರಾವೆ ಏಕೆ? ಎರಡನೆಯದು ಮರಾಠಿ ಪಕ್ಷ. ಈ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಸಮನ್ಸನ್ನು ‘ಬಜಾವಣೆ’ ಮಾಡುವುದು ಇಲ್ಲಿಯ ರೂಢಿ. ‘ಜಾರಿ’ಯ ಚರ್ಚೆಯೇ ಅಪ್ರಸ್ತುತ ಎಂಬುದು ಅವರ ವಾದ. ಮರಾಠಿಯ ಆ ಕ್ರಿಯಾಪದಕ್ಕೆ ವಾದ್ಯ ಬಾರಿಸುವ ಅರ್ಥವೂ ಇದೆ ಎಂಬುದನ್ನು ಅವರು ಮರೆತಿದ್ದಾರೆ. ಬೇಲಿಫ ಓಣಿಯ ತುದಿಗೆ ಕಾಲಿಡುವ ಮೊದಲೇ ಊರಿಗೆಲ್ಲ ಸುದ್ದಿ ಹಬ್ಬುವುದು ಬಜಾವಣೆ. ಅದನ್ನು ಕೇಳಿ ಪ್ರತಿವಾದಿ ಹಿತ್ತಲ ಬಾಗಿಲಿನಿಂದ ಹೊರಡುವುದು ಜಾರಿ. ಎರಡೂ ಪದ ಬೇಕು, ಇದೇ ಅನುಕ್ರಮದಲ್ಲಿ. ಡಿಕ್ರಿಯ ‘ಅಮಲ್ಜಾರಿ’ಗೆ ಏನು ಗತಿ ಎಂದು ಕೇಳುವವರಿಗೆ ಉತ್ತರ ಪದಚ್ಛೇದದಲ್ಲೇ ಇದೆ: ಗೆದ್ದ ಅಮಲು, ಆಮೇಲೆ ಜಾರಿ.

ಮೂರನೆಯ ಆಕ್ಷೇಪ ಕಾಲಧರ್ಮದ್ದು: ಕಾನೂನು ಸುಧಾರಿಸಿದೆ, ಇನ್ನು ಏನೂ ಜಾರದು. ಸುಧಾರಿಸಿರುವುದು ನಿಜ. ಮನೆಯ ಹೆಂಗಸಿನ ಕೈಗೂ ಸಮನ್ಸ್ ಕೊಡಬಹುದೆಂದು ಸಿವಿಲ್ ಸಂಹಿತೆ 1976ರ ತಿದ್ದುಪಡಿಯಲ್ಲಿ ಒಪ್ಪಿತು. ಕ್ರಿಮಿನಲ್ ಸಂಹಿತೆ ಮಾತ್ರ ‘ವಯಸ್ಕ ಪುರುಷ’ನನ್ನೇ ಹುಡುಕುತ್ತಿತ್ತು; 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಾಗ ಆ ‘ಪುರುಷ’ ಹೋದ. ಅಲ್ಲಿಯವರೆಗೆ ಒಂದೇ ಹೊಸ್ತಿಲಲ್ಲಿ ನಿಂತ ಒಬ್ಬಳೇ ಅವ್ವ ಹೊಲದ ದಾವೆಗೆ ಮನೆಯವಳು, ಹೊಡೆದಾಟದ ಕೇಸಿಗೆ ಅಲ್ಲ. ಹೊಸ ಸಂಹಿತೆ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು ಎನ್ನುತ್ತದೆ. ಅಂದರೆ ಇನ್ನು ಮುಂದೆ ಅದು ಮೊಬೈಲಿನ ಪರದೆಯ ಮೇಲೆ ಬರುತ್ತದೆ, ಪರದೆಯನ್ನು ಬೆರಳಿನಿಂದ ಏನು ಮಾಡುತ್ತೇವೆ? ಜಾರಿಸುತ್ತೇವೆ. ಪ್ರತಿಪಕ್ಷದವರು ನಮ್ಮ ಕೆಲಸ ತಾವೇ ಮಾಡಿಕೊಟ್ಟಿದ್ದಾರೆ.

ಹಾಗಾದರೆ ಜಾರದಂತೆ ಮಾಡುವ ವಿದ್ಯೆಯೇ ಇಲ್ಲವೆ? ಇಳಕಲ್ಲಿನ ಮಗ್ಗದಲ್ಲಿದೆ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ‘ಕೊಂಡಿ’ ಹಾಕಿ ಕೂಡಿಸುತ್ತಾರೆ. ಕೋರ್ಟಿಗೂ ಕಕ್ಷಿದಾರನಿಗೂ ನಡುವಿನ ಕೊಂಡಿ ಒಂದು ಸಹಿ. ಅದನ್ನು ತಪ್ಪಿಸಿದವನು ತಾನು ಗೆದ್ದೆನೆಂದು ತಿಳಿಯುತ್ತಾನೆ. ಆದರೆ ಇಪ್ಪತ್ತನೆಯ ನಿಯಮಕ್ಕೆ ಎರಡನೆಯ ಉಪನಿಯಮವೂ ಉಂಟು: ಹೀಗೆ ಗೋಡೆಗೆ, ಪತ್ರಿಕೆಗೆ ಹಚ್ಚಿದ್ದು ಖುದ್ದು ಕೈಗೆ ಕೊಟ್ಟಷ್ಟೇ ಪರಿಣಾಮಕಾರಿ. ಆಮೇಲೆ ಒಂಬತ್ತನೆಯ ಆದೇಶದಂತೆ ದಾವೆ ಅವನಿಲ್ಲದೆಯೇ ನಡೆಯುತ್ತದೆ. ಜಾರಿದ್ದೂ ಜಾರಿಯಾದದ್ದೂ ಅಲ್ಲಿ ಒಂದೇ ಆಗುತ್ತದೆ, ಅರಬ್ಬಿ ಪಕ್ಷವೂ ಕನ್ನಡ ಪಕ್ಷವೂ ರಾಜಿಯಾಗುತ್ತವೆ. ನಾವು ಆರಂಭದಲ್ಲಿ ಬಾಕಿ ಇಟ್ಟ ಪೂರ್ಣ ಕ್ರಿಯಾಪದವೂ ಆಗಲೇ ಸಿಗುವುದು, ಕರ್ತೃಪದ ಮಾತ್ರ ಬದಲಾಗಿರುತ್ತದೆ. ಹಿತ್ತಲ ಬಾಗಿಲಿನಿಂದ ಹೋದವನು ಜಾತ್ರೆ ಮುಗಿಸಿ ಬಂದು ಉತಾರ ತೆಗೆಸಿ ನೋಡುತ್ತಾನೆ: ಹೊಲ ಜಾರಿ ಹೋಗಿದೆ.