ನಿತ್ರಾಣ ಮಹಾತ್ಮೆ

ಸಂಸ್ಕೃತದಲ್ಲಿ ತ್ರಾಣವೆಂದರೆ ರಕ್ಷಣೆ. ಕನ್ನಡಿಗರು ಅದನ್ನು ಎರವಲು ತಂದವರೇ ದೇಹಬಲವೆಂಬ ಅರ್ಥವನ್ನಿತ್ತು, ಆ ಬಲವುಡುಗಿದ ಸ್ಥಿತಿಯನ್ನು ನಿತ್ರಾಣವೆಂದು ಕರೆದರು. ಜ್ವರ ಬಿಟ್ಟೆದ್ದವನಿಗೂ ಏಕಾದಶಿಯ ಮರುದಿನದ ಅಜ್ಜಿಗೂ ಆ ಪದವು ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆಯ ಸೀಮೆಯಲ್ಲಿ ಅದರ ಆಶ್ರಯ ಪಡೆದು ಸುಖವಾಗಿ ಬಾಳುತ್ತಿರುವ ದೃಢಕಾಯರ ಸಂಖ್ಯೆ ಅಲ್ಪವಲ್ಲ.

ಸಾಗರದ ಕಡೆಯ ನಮ್ಮ ಬಂಧುವೊಬ್ಬರನ್ನೇ ನೋಡಿ. ಮಳೆಗಾಲದಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ತೋಟಕ್ಕೆ ಕೊಳೆಮದ್ದು ಹೊಡೆಸುವ ದಿನ ಸಮೀಪಿಸಿತೆಂದರೆ, "ಯಂಗೆ ತ್ರಾಣ ಇಲ್ಲೆ ತಮಾ" ಎಂದು ಜಗುಲಿಯ ಕಂಬಕ್ಕೆ ಒರಗುವರು. (ಶತಮಾನದ ಹಿಂದೆ ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು ಅಡಕೆಗೆ ಒಗ್ಗಿಸಿಕೊಟ್ಟ ಆ ಬೋರ್ಡೋ ದ್ರಾವಣವು ಕೊಳೆರೋಗಕ್ಕೆ ಮದ್ದಾಯಿತೇ ಹೊರತು ಈ ನಿತ್ರಾಣಕ್ಕಲ್ಲ.) ಸುಗ್ಗಿ ಬಂದು, ಮನೆಮಂದಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಅಡಕೆ ಸುಲಿಯುವಾಗಲೂ ಅದೇ ಮಾತು, ಅದೇ ಕಂಬ. ಆದರೆ ಮೂರು ಹರದಾರಿಯಾಚೆ ಬಯಲಾಟವಿದೆಯೆಂಬ ವಾರ್ತೆ ಬಂದರೆ, ಕಂಬಳಿ ಹೊದ್ದು ಎಲ್ಲರಿಗಿಂತ ಮೊದಲು ಹೊರಡುವವರೂ, ಮಂಗಳ ಹಾಡುವ ತನಕ ಎವೆಯಿಕ್ಕದೆ ಕುಳಿತು ಭಾಗವತರ ತಪ್ಪುಗಳನ್ನು ಎಣಿಸುವವರೂ ಅವರೇ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ತುಂಗೆಯ ಕೊರೆಯುವ ನೀರಿನಲ್ಲಿ ಅವರು ಮುಳುಗು ಹಾಕುವ ಉತ್ಸಾಹವನ್ನು ಕಂಡ ಮೇಲೆ, ಸಂಸ್ಕೃತದವರ ಅರ್ಥವೇ ದಿಟವೆಂದು ಒಪ್ಪಬೇಕಾಯಿತು: ತ್ರಾಣವಿಲ್ಲವೆಂಬ ನುಡಿಯೇ ಅವರಿಗೆ ತ್ರಾಣ.

ಇದನ್ನು ಆಲಸ್ಯವೆನ್ನಲಾರೆ. 'ಬರುವುದಿಲ್ಲ', 'ಮಾಡುವುದಿಲ್ಲ' ಎಂದರೆ ನೆಂಟಸ್ತನ ಕೆಟ್ಟೀತು. 'ತ್ರಾಣವಿಲ್ಲ'ವೆಂದರೆ ಕರೆಯಲು ಬಂದವರೇ ಮರುಗಿ, ಒಂದು ಲೋಟ ಕಷಾಯ ಕುಡಿಯಿರೆಂದು ಉಪಚಾರ ಹೇಳಿ ಹೋಗುವರು.

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು ಸಾಗರಕ್ಕೆ ಬರುವ ಶರಾವತಿಯೂ ಈ ವಿದ್ಯೆಯನ್ನು ಹಾದಿಯಲ್ಲಿಯೇ ಕಲಿತಂತಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ, ಬೇಸಗೆಯಲ್ಲಿ ಜೋಗಕ್ಕೆ ಬರುವ ಪ್ರವಾಸಿಗರು 830 ಅಡಿಯ ಬಂಡೆಯ ಮೇಲಿಂದ ನೂಲಿನಂತೆ ಇಳಿಯುವ ರಾಜನೆಂಬ ಧಾರೆಯನ್ನು ಕಂಡು, ಹೊಳೆಗೆ ತ್ರಾಣವೇ ಇಲ್ಲವೆಂದು ಮರುಗಿ ಮರಳುವರು. ಅದೇ ಹೊಳೆಯ ನೀರು ಅತ್ತ ಕೊಳವೆಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ; ಅವುಗಳ ಒಟ್ಟು ಸಾಮರ್ಥ್ಯ 1035 ಮೆಗಾವ್ಯಾಟ್.