ಪೈಪು ಹಿಡಿದ ರಾಯರು

ಮೈಸೂರಿನ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ರಾಯರ ಕಥೆ ದಿನವೂ ಬರುತ್ತದೆ. ಬೆಳಿಗ್ಗೆ ಆರೂವರೆಗೆ ಪಂಚೆ ಎತ್ತಿ ಕಟ್ಟಿ, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿ, ಹಸಿರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಗೇಟಿನ ಹತ್ತಿರ ನಿಂತಿರುತ್ತಾರೆ. ಗಿಡಕ್ಕೆ ನೀರು ಹಾಕುತ್ತಿದ್ದಾರೆಂದು ಹೊಸಬರು ತಿಳಿಯುತ್ತಾರೆ. ಪಾಪ, ಹೊಸಬರು.

“ಬನ್ನಿ ಸ್ವಾಮಿ, ವಾಕಿಂಗಾ? ನಿಮಗೆ ಹೇಳಿದ್ನೋ ಇಲ್ವೋ...”

ಹೇಳಿರುತ್ತಾರೆ. ಕಥೆ ಇಷ್ಟೇ: 1958ರ ದಸರಾ, ಫಲಪುಷ್ಪ ಪ್ರದರ್ಶನ. ಮೇಷ್ಟರಾಗಿದ್ದ ಅವರ ತಂದೆ ನಾಲ್ಕು ಡೇರೆ ಕುಂಡ ಇಟ್ಟಿದ್ದರು. ಹೂ ಬಾಡದಂತೆ ನೋಡಿಕೊಳ್ಳಲು ಏಳು ವರ್ಷದ ಮಗನ ಕೈಗೆ ಒಂದು ಚೊಂಬು ನೀರು. ಅಷ್ಟರಲ್ಲಿ ಜಯಚಾಮರಾಜ ಒಡೆಯರು ಬಂದರು. ‘ಬಂದರು’ ಎಂದು ಬರೆದದ್ದು ನಾನು. ರಾಯರ ಬಾಯಲ್ಲಿ ಅದು “ಮಹಾಸ್ವಾಮಿಯವರ ಸವಾರಿ ಚಿತ್ತೈಸಿತು”. 1956ಕ್ಕೇ ಅವರು ರಾಜ್ಯಪಾಲರಾಗಿದ್ದರಲ್ಲ ಎಂದು ಒಮ್ಮೆ ಬಾಯಿ ಹಾಕಿದೆ. “ಗೌರ್ನರ್ ಆದ್ರೆ ದೊರೆತನ ಹೋಗತ್ತೇನ್ರೀ?” ಎಂದವರೇ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಆಮೇಲೆ ನಾನು ಇಸವಿಯ ಸುದ್ದಿಗೆ ಹೋಗಿಲ್ಲ.

ತೊಂದರೆ ಇಸವಿಯದ್ದಲ್ಲ, ಭಕ್ತಿಯದ್ದು. ‘ಮಹಾಸ್ವಾಮಿ’ ಎನ್ನುತ್ತಲೇ ರಾಯರ ಎರಡೂ ಕೈ ತಾವಾಗಿ ಸೇರಿಕೊಳ್ಳುತ್ತವೆ. ನಡುವೆ ಪೈಪು. ನೀರು ಆಕಾಶಕ್ಕೆ ಚಿಮ್ಮಿ ಎದುರಿಗಿದ್ದವರ ಮೇಲೆ ಇಳಿಯುತ್ತದೆ. ಹಾಲಿನ ಹುಡುಗ ಬುದ್ಧಿವಂತ. ‘ಮ’ ಕೇಳಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಪೇಪರಿನವನು ಈಗ ಪೇಪರನ್ನು ಆಚೆ ಬದಿಯಿಂದಲೇ ಎಸೆಯುತ್ತಾನೆ.

ಗಿಡಗಳ ಪಾಡೂ ಕೇಳುಗರನ್ನೇ ಅವಲಂಬಿಸಿದೆ. ಕಥೆಯೆಲ್ಲ ಗೇಟಿನಲ್ಲೇ ನಡೆಯುವುದರಿಂದ ಅಲ್ಲಿನ ಮಲ್ಲಿಗೆಗೆ ದಿನವೂ ಅಭಿಷೇಕ. ಬೇರು ಕೊಳೆತು ಎಲೆ ಹಳದಿಯಾಗಿ, ಈಗಿರುವುದು ಮೂರನೆಯ ಗಿಡ. ಹಿತ್ತಲ ಕರಿಬೇವಿನ ಹತ್ತಿರ ಯಾರು ಹೋಗಿ ನಿಲ್ಲುತ್ತಾರೆ? ಅದು ಬದುಕಿರುವುದು ಅವರ ಮನೆಯಾಕೆ ಅಕ್ಕಿ ತೊಳೆದ ನೀರು ಸುರಿಯುವುದರಿಂದ.

ಕಥೆಯ ತುದಿ ಹೀಗೆ: ಮಹಾಸ್ವಾಮಿಯವರು ಡೇರೆಯ ಮುಂದೆ ನಿಂತರು, ಹುಡುಗನನ್ನು ನೋಡಿದರು, ಮಾತಿಲ್ಲದೆ ಬಲಗೈ ಎತ್ತಿದರು. “ಅಭಯಹಸ್ತ ಸ್ವಾಮಿ, ಸಾಕ್ಷಾತ್ ಅಭಯಹಸ್ತ! ನಾನು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ಸುಮ್ಮನೆ ಅಂದ್ಕೊಂಡ್ರಾ?” ಆ ಹೊತ್ತಿಗೆ ಕಣ್ಣು ಒದ್ದೆಯಾಗುತ್ತದೆ. ನಮ್ಮದು ಬಟ್ಟೆ ಒದ್ದೆ.

ಮೊನ್ನೆ ಅವರ ಮನೆಯಾಕೆ ಕಾಫಿ ಕೊಡಲು ಬಂದವರು ಅಲ್ಲೇ ನಿಂತು ಕೇಳಿಸಿಕೊಂಡರು. “ಅಭಯಹಸ್ತ ಅಂತೆ! ಅಲ್ಲಿದ್ದ ನಮ್ಮತ್ತೆ ನನಗೆ ಎಲ್ಲಾ ಹೇಳಿದ್ದಾರೆ. ದೊರೆಗಳನ್ನು ನೋಡ್ತಾ ಇವರು ಚೊಂಬು ಬಗ್ಗಿಸಿಕೊಂಡೇ ನಿಂತಿದ್ರಂತೆ. ನೀರು ಅವರ ಬೂಟಿನ ಮೇಲೆ ಸುರೀತಿತ್ತಂತೆ. ಸಾಕು ನಿಲ್ಸೋ ಅಂತ ಕೈ ಎತ್ತಿದ್ದು ಅವರು.”

ರಾಯರು ಸಿಟ್ಟಾಗಲಿಲ್ಲ. “ಮಹಾಸ್ವಾಮಿಯವರ ಬೂಟು!” ಎಂದು ಕೈ ಮುಗಿದರು.

ಬೆಳಗಿನ ಹೊತ್ತು ಆ ಕಡೆ ಬಂದರೆ, ದಯವಿಟ್ಟು ಆಚೆ ಬದಿಯಲ್ಲೇ ನಡೆಯಿರಿ.